ಚಲನಚಿತ್ರವೆಂಬ ಪಾಠ

ಕುಮಾರವ್ಯಾಸನ ಒಂದು ಷಟ್ಪದಿ ಮೊದಲ ಓದಿಗೆ ಬಗೆಹರಿಯದೆ ಹೋದರೆ ನಾವು ಅದನ್ನು ಮತ್ತೆ ಓದುತ್ತೇವೆ. ಬೆರಳಿಟ್ಟು, ಪದ ಬಿಡಿಸಿ, ಅನ್ವಯ ಮಾಡಿಕೊಂಡು, ಬೇಕಾದರೆ ಹಿಂದಿನ ಪದ್ಯಕ್ಕೆ ಮರಳಿ, ಸಾವಧಾನವಾಗಿ ಅರ್ಥಕ್ಕೆ ದಾರಿ ಹುಡುಕುತ್ತೇವೆ. ಸಾಹಿತ್ಯದ ಅಧ್ಯಯನವೆಂಬುದೆಲ್ಲ ಈ ಒಂದು ಸೌಕರ್ಯದ ಮೇಲೆ ನಿಂತಿದೆ: ಕೃತಿ ಕದಲದೆ ನಮ್ಮೆದುರಿಗೆ ಇರುತ್ತದೆ. ಚಲನಚಿತ್ರಕ್ಕೆ ಈ ಸೌಕರ್ಯ ಬಹುಕಾಲ ಇರಲಿಲ್ಲ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವ ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ಆಟ ತೀರಿತು, ದೀಪ ಹತ್ತಿತು, ಜನ ಎದ್ದರು; ವಾರವೋ ಎರಡು ವಾರವೋ ಕಳೆದ ಮೇಲೆ ರೀಲಿನ ಡಬ್ಬಗಳು ಇನ್ನೊಂದು ಊರಿನ ಬಸ್ಸು ಹತ್ತಿದವು. ನೋಡಿದವನ ಬಳಿ ಉಳಿದದ್ದು ನೆನಪು ಮಾತ್ರ. ಹೀಗೆ ಕಣ್ಣೆದುರೇ ಜಾರಿಹೋಗುವ ವಸ್ತುವನ್ನು ಪಾಠದ ವಸ್ತುವಾಗಿ ಮಾಡಿಕೊಂಡವರು ಯಾರು, ಹೇಗೆ ಮಾಡಿಕೊಂಡರು ಎಂಬುದೇ ಒಂದು ಚರಿತ್ರೆ. ಆ ಚರಿತ್ರೆಯಲ್ಲಿ ನಮ್ಮ ಮಲೆನಾಡಿನ ಒಂದು ಹಳ್ಳಿಗೂ ಪಾಲಿದೆ ಎಂಬುದರಿಂದ ಅದನ್ನು ಹೇಳುವ ಉತ್ಸಾಹ ನನಗೆ ಸ್ವಲ್ಪ ಹೆಚ್ಚೇ ಎನ್ನಬೇಕು.

ಚಲನಚಿತ್ರವನ್ನು ಕ್ರಮವಾಗಿ ಕಲಿಸುವುದಕ್ಕೆಂದೇ ಸರಕಾರವೊಂದು ಶಾಲೆ ತೆರೆದದ್ದು 1919ರಲ್ಲಿ, ಮಾಸ್ಕೋದಲ್ಲಿ. ಕ್ರಾಂತಿಯ ಬೆನ್ನಿಗೇ ಅಂತರ್ಯುದ್ಧ. ಅನ್ನಕ್ಕೇ ತತ್ವಾರವಿದ್ದ ಕಾಲ. ಕಚ್ಚಾ ಫಿಲ್ಮು ಹೊರದೇಶದಿಂದ ಬರಬೇಕಾಗಿದ್ದು, ಅದು ಬರುತ್ತಿರಲಿಲ್ಲ. ಆ ಶಾಲೆಯಲ್ಲಿ ಪಾಠ ಹೇಳಲು ಬಂದ ಲೆವ್ ಕುಲೆಶೋವನಿಗೆ ಆಗ ಇಪ್ಪತ್ತರ ಆಸುಪಾಸಿನ ವಯಸ್ಸು. ಫಿಲ್ಮಿಲ್ಲದೆ ಫಿಲ್ಮು ತೆಗೆಯುವುದನ್ನು ಅವನು ಶಿಷ್ಯರಿಗೆ ಕಲಿಸಿದ. ಅಂದರೆ, ಒಂದು ಚಿತ್ರವನ್ನು ತುಣುಕು ತುಣುಕಾಗಿ ಬರೆದುಕೊಂಡು, ಕ್ಯಾಮರಾದ ಚೌಕಟ್ಟು ಇಲ್ಲಿದೆ ಎಂದು ಭಾವಿಸಿ, ವೇದಿಕೆಯ ಮೇಲೆ ಅದನ್ನು ಅಭಿನಯಿಸಿ ತೋರಿಸುವುದು. ಅಮೆರಿಕದ ಗ್ರಿಫಿತ್ 1916ರಲ್ಲಿ ತೆಗೆದ 'ಇಂಟಾಲರೆನ್ಸ್' ಆ ದಿನಗಳಲ್ಲಿ ಹೇಗೋ ರಷ್ಯಕ್ಕೆ ಬಂದು ಸೇರಿತ್ತು. ಅದನ್ನು ಅವರು ಮತ್ತೆ ಮತ್ತೆ ನೋಡಿ, ಬಿಡಿಸಿ, ಜೋಡಿಸಿ ಕಲಿತರೆಂದು ಹೇಳುತ್ತಾರೆ. ವ್ಯಾಕರಣ ಪುಸ್ತಕವಿಲ್ಲದ ಭಾಷೆಯೊಂದರ ವಾಕ್ಯಗಳನ್ನು ಕಿತ್ತು ನೋಡಿ ವ್ಯಾಕರಣ ಕಟ್ಟಿದಂತೆ.

ಕುಲೆಶೋವನ ಹೆಸರಿಗೆ ಅಂಟಿಕೊಂಡ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಮೊಜ್ಜೂಖಿನ್ ಎಂಬ ನಟನ ಹಳೆಯ ಚಿತ್ರವೊಂದರಿಂದ ಅವನ ಮುಖದ ಒಂದು ತುಣುಕನ್ನು ಎತ್ತಿಕೊಂಡ. ವಿಶೇಷವೇನೂ ಭಾವವಿಲ್ಲದ ಮುಖ. ಅದರ ಪಕ್ಕಕ್ಕೆ ಒಮ್ಮೆ ಸೂಪಿನ ಬಟ್ಟಲನ್ನು, ಒಮ್ಮೆ ಶವದ ಪೆಟ್ಟಿಗೆಯನ್ನು, ಮತ್ತೊಮ್ಮೆ ಆಡುತ್ತಿರುವ ಮಗುವನ್ನು ಜೋಡಿಸಿದ. ನೋಡಿದವರು ನಟನ ಹಸಿವನ್ನು ಕಂಡರು, ದುಃಖವನ್ನು ಕಂಡರು, ವಾತ್ಸಲ್ಯವನ್ನು ಕಂಡರು. ಅವನ ಅಭಿನಯವನ್ನು ಕೊಂಡಾಡಿದರು. ಮುಖ ಮಾತ್ರ ಒಂದೇ! ಅರ್ಥವಿರುವುದು ಈ ತುಣುಕಿನಲ್ಲೂ ಅಲ್ಲ, ಆ ತುಣುಕಿನಲ್ಲೂ ಅಲ್ಲ, ಎರಡರ ನಡುವೆ ಪ್ರೇಕ್ಷಕನ ಮನಸ್ಸಿನಲ್ಲಿ ಎಂಬುದು ಇದರಿಂದ ಹೊರಟ ಸಿದ್ಧಾಂತ. ಧ್ವನಿ ಸಿದ್ಧಾಂತವನ್ನು ಓದಿದ ನಮಗೆ ಇದು ಅಷ್ಟೇನೂ ಅಪರಿಚಿತ ಮಾತಲ್ಲ. ವಾಚ್ಯದಲ್ಲಿ ಇಲ್ಲದ್ದು ಸಹೃದಯನಲ್ಲಿ ಹೊಳೆಯುತ್ತದೆ ಎಂದು ಆನಂದವರ್ಧನ ಒಂಬತ್ತನೆಯ ಶತಮಾನದಲ್ಲಿಯೇ ವಾದಿಸಿದ್ದನಷ್ಟೆ. ಆದರೆ ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಚಲನಚಿತ್ರ ಮೀಮಾಂಸೆಯ ಪ್ರತಿಯೊಂದು ಪುಸ್ತಕವೂ ಉದಾಹರಿಸುವ ಈ ತುಣುಕು ಇಂದು ಎಲ್ಲಿಯೂ ಇಲ್ಲ. ಬಟ್ಟಲು, ಪೆಟ್ಟಿಗೆ, ಮಗು ಎಂಬುದು ಶಿಷ್ಯ ಪುಡೋವ್‌ಕಿನ್ ಕೊಟ್ಟ ವಿವರ. ಗುರು ಹೇಳಿದ ವಿವರ ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಶಾಸ್ತ್ರದ ಮೊದಲ ಪಾಠವೇ ಕಳೆದುಹೋದ ಹಸ್ತಪ್ರತಿಯನ್ನು ಆಧರಿಸಿದೆ ಎಂದಂತಾಯಿತು.

ಅದೇ ಶಾಲೆಯಲ್ಲಿ ಮುಂದೆ ಐಸೆನ್‌ಸ್ಟೈನ್ ಪಾಠ ಹೇಳಿದ. ಎಂಜಿನಿಯರಿಂಗ್ ಓದಿದ್ದವನು, ಜಪಾನಿನ ಚಿತ್ರಲಿಪಿಯಿಂದ ಹಿಡಿದು ಕಬುಕಿ ನಾಟಕದವರೆಗೆ ಯಾವುದನ್ನೂ ಬಿಡದೆ ತನ್ನ ವಾದಕ್ಕೆ ಎಳೆದುತರುವ ಪಂಡಿತ. ಅವನ ತರಗತಿಗಳನ್ನು ನಿಜ್ನಿ ಎಂಬ ಶಿಷ್ಯನೊಬ್ಬ ಬರೆದಿಟ್ಟಿದ್ದಾನೆ. ಒಂದು ತರಗತಿಯಲ್ಲಿ ಡಾಸ್ಟೊಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ'ಯಿಂದ ಕೊಲೆಯ ಪ್ರಸಂಗವನ್ನು ತೆಗೆದುಕೊಂಡು, ಇದನ್ನು ಎಲ್ಲಿಯೂ ಕತ್ತರಿಸದೆ ಒಂದೇ ಷಾಟಿನಲ್ಲಿ ತೋರಿಸಬೇಕಾದರೆ ಕ್ಯಾಮರಾ ಎಲ್ಲಿರಬೇಕು, ಮುದುಕಿ ಎತ್ತ ತಿರುಗಬೇಕು, ರಾಸ್ಕೋಲ್ನಿಕೋವ್ ಎಷ್ಟು ಹೆಜ್ಜೆ ಮುಂದೆ ಬರಬೇಕು ಎಂದು ವಿದ್ಯಾರ್ಥಿಗಳೊಡನೆ ಚರ್ಚಿಸುತ್ತಾನೆ. ತುಣುಕುಗಳ ಜೋಡಣೆಗೇ ಹೆಸರಾದ ಗುರು, ಕತ್ತರಿಯನ್ನೇ ಕೈಯಿಂದ ಕಸಿದುಕೊಂಡು ಲೆಕ್ಕ ಕೊಡುತ್ತಾನೆ! ಇದನ್ನು ಓದುವಾಗ ನನಗೆ ಅನ್ನಿಸುವುದು, ಕಾದಂಬರಿಯೊಂದರ ಪುಟವನ್ನು ಇಷ್ಟು ಶ್ರದ್ಧೆಯಿಂದ ಓದಿಸಿದ ಸಾಹಿತ್ಯದ ತರಗತಿಗಳು ನಮ್ಮಲ್ಲಿ ಎಷ್ಟಿದ್ದಾವು ಎಂದು.

ಬೇರೆಡೆಯ ಕಥೆಯನ್ನು ಬೇಗನೆ ಹೇಳಿಬಿಡಬಹುದು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯ 1929ರಲ್ಲಿ ಚಿತ್ರ ಅಕಾಡೆಮಿಯ ನೆರವಿನಿಂದ ಒಂದು ತರಗತಿ ಆರಂಭಿಸಿತು. ನಟ ಡಗ್ಲಸ್ ಫೇರ್‌ಬ್ಯಾಂಕ್ಸ್ ಅಲ್ಲಿ ಉಪನ್ಯಾಸಕನಾಗಿ ನಿಂತ. ರೋಮಿನ ಕೇಂದ್ರ 1935ರಲ್ಲಿ, ಪ್ಯಾರಿಸಿನದು ಯುದ್ಧದ ನಡುವೆ 1943ರಲ್ಲಿ, ಪೋಲೆಂಡಿನ ವೂಜ್ ನಗರದ ಶಾಲೆ 1948ರಲ್ಲಿ ಹುಟ್ಟಿದವು.

ನಮ್ಮ ದೇಶದ ಮಟ್ಟಿಗೆ, ಸಿನಿಮಾದ ಕಸುಬನ್ನು ತರಗತಿಯಲ್ಲಿ ಕಲಿಸಿದವರಲ್ಲಿ ಬೆಂಗಳೂರು ಮುಂದಿತ್ತೆಂಬುದನ್ನು ನಾವೇ ಮರೆತಿದ್ದೇವೆ. ಅಲ್ಲಿಯ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಲ್ಲಿಯೇ ಛಾಯಾಗ್ರಹಣದ ತರಬೇತಿ ಇತ್ತು. ಮೈಸೂರಿನ ವಿ. ಕೆ. ಮೂರ್ತಿಯವರು ಸ್ವಾತಂತ್ರ್ಯ ಚಳುವಳಿಯಲ್ಲಿ ಸೆರೆಮನೆ ಕಂಡು ಬಂದು ಅಲ್ಲಿ ಓದಿ, 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. ಗುರುದತ್ತರ 1957ರ 'ಪ್ಯಾಸಾ'ದ ನೆರಳುಗಳು, 1959ರ 'ಕಾಗಜ್ ಕೆ ಫೂಲ್' ಚಿತ್ರದ ಆ ಬೆಳಕಿನ ಕಂಬ ಅವರ ಕೈವಾಡ. ದೀಪಗಳ ಬದಲು ಹೊರಗಿನ ಬಿಸಿಲನ್ನೇ ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ತಿರುಗಿಸಿ ಅದನ್ನು ಸಾಧಿಸಿದರು. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. 1962ರಲ್ಲಿ ಗೋವಿಂದ ನಿಹಲಾನಿಯವರು ಹೊರಬಂದದ್ದೂ ಅದೇ ಪಾಲಿಟೆಕ್ನಿಕ್ಕಿನಿಂದ. ಆದರೆ ಪಾಲಿಟೆಕ್ನಿಕ್ಕಿನ ಕೆಲಸ ಹೆಸರೇ ಹೇಳುವಂತೆ ಕಸುಬನ್ನು ಕಲಿಸುವುದು. ಮಸೂರದ ಲೆಕ್ಕ, ರಾಸಾಯನಿಕದ ಲೆಕ್ಕ, ಬೆಳಕಿನ ಲೆಕ್ಕ. ಈ ಕಲೆಗೊಂದು ಪರಂಪರೆ ಉಂಟು, ಅದನ್ನು ಕವಿಗಳನ್ನು ಓದಿದಂತೆ ಓದಬೇಕು ಎಂಬ ಮಾತನ್ನು ಹೇಳುವುದಕ್ಕೆ ಬೇರೊಂದು ಬಗೆಯ ಶಾಲೆ ಬೇಕಾಗಿತ್ತು.

ಎಸ್. ಕೆ. ಪಾಟೀಲರ ಅಧ್ಯಕ್ಷತೆಯ ಚಲನಚಿತ್ರ ವಿಚಾರಣಾ ಸಮಿತಿ 1951ರಲ್ಲಿ ಕೊಟ್ಟ ವರದಿ ಅಂಥ ಸಂಸ್ಥೆಯೊಂದನ್ನು ಶಿಫಾರಸು ಮಾಡಿತ್ತು. ಸರಕಾರದ ಕಡತಗಳ ನಡಿಗೆ ಗೊತ್ತೇ ಇದೆ. ಸಂಸ್ಥೆ ಬಂದದ್ದು 1960ರಲ್ಲಿ, ಪುಣೆಯಲ್ಲಿ. ಜಾಗ ಮಾತ್ರ ಒಳ್ಳೆಯದೇ ಸಿಕ್ಕಿತು. ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಕಂಪನಿಯ ಸ್ಟುಡಿಯೋ 1950ರ ದಶಕದಲ್ಲಿ ಮುಚ್ಚಿಹೋಗಿತ್ತು. ದಾಮ್ಲೆ ಮತ್ತು ಫತ್ತೇಲಾಲರು 1936ರಲ್ಲಿ 'ಸಂತ ತುಕಾರಾಮ್' ತೆಗೆದ ನೆಲದ ಮೇಲೆಯೇ ವಿದ್ಯಾರ್ಥಿಗಳು ಟ್ರಾಲಿಯ ಹಳಿ ಹಾಸಿದರು. 1974ರಲ್ಲಿ ದೂರದರ್ಶನದ ತರಬೇತಿಯೂ ಅಲ್ಲಿಗೆ ಸೇರಿತು. ಅಂಗಳದ ಮಾವಿನ ಮರವೊಂದಕ್ಕೆ ವಿದ್ಯಾರ್ಥಿಗಳು ಜ್ಞಾನವೃಕ್ಷವೆಂದು ಹೆಸರಿಟ್ಟರು. ಬೋಧಿಯ ಬದಲು ಮಾವು. ಹಾಸ್ಯವೇ ಆದರೂ ಹೆಸರು ನಿಂತಿತು.

ಆ ಮರದ ಕೆಳಗೆ ಕುಳಿತು ಮಾತನಾಡಿದವರಲ್ಲಿ ಋತ್ವಿಕ್ ಘಟಕ್ ಒಬ್ಬರು. 1960ರ ದಶಕದ ಮಧ್ಯದಲ್ಲಿ ಬಹಳ ಸ್ವಲ್ಪ ಕಾಲ ಅವರು ಅಲ್ಲಿ ಉಪಪ್ರಾಂಶುಪಾಲರಾಗಿದ್ದರು. ದೇಶವಿಭಜನೆಯ ಗಾಯವನ್ನು 'ಮೇಘೇ ಢಾಕಾ ತಾರಾ'ದಲ್ಲಿಯೂ 'ಸುವರ್ಣರೇಖಾ'ದಲ್ಲಿಯೂ ತೆರೆದು ತೋರಿಸಿದ ಮನುಷ್ಯ. ಕಚೇರಿಯ ಶಿಸ್ತಿಗೆ ಒಗ್ಗುವವರಲ್ಲ. ಅವರ ಶಿಷ್ಯರೆಂದು ಹೇಳಿಕೊಂಡವರು ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ. ಮೂವರ ಚಿತ್ರಗಳೂ ಗುರುವಿನ ಚಿತ್ರಗಳನ್ನು ಹೋಲುವುದಿಲ್ಲ. ಒಬ್ಬರದು ಇನ್ನೊಬ್ಬರದನ್ನೂ ಹೋಲುವುದಿಲ್ಲ. ಅಧ್ಯಾಪಕನೊಬ್ಬನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲವೆಂದು ನನ್ನ ಎಣಿಕೆ.

ಘಟಕ್ ಮಿಂಚಾದರೆ ಸತೀಶ್ ಬಹಾದುರ್ ಎಣ್ಣೆಯ ದೀಪ. ಆಗ್ರಾದಲ್ಲಿ ಅರ್ಥಶಾಸ್ತ್ರ ಪಾಠ ಹೇಳಿಕೊಂಡು, ಅಲ್ಲಿ ಫಿಲ್ಮ್ ಸೊಸೈಟಿ ನಡೆಸುತ್ತಿದ್ದವರು 1963ರಲ್ಲಿ ಪುಣೆಗೆ ಬಂದರು. ಆ ದಿನಗಳಲ್ಲಿ ಐಸೆನ್‌ಸ್ಟೈನನ ಜೀವನಚರಿತ್ರೆ ಬರೆದ ಮೇರಿ ಸೀಟನ್ ಎಂಬ ಇಂಗ್ಲಿಷ್ ಮಹಿಳೆ ಭಾರತವನ್ನೆಲ್ಲ ಸುತ್ತಿ, ಚಲನಚಿತ್ರವನ್ನು ನೋಡುವುದು ಹೇಗೆಂದು ಉಪನ್ಯಾಸ ಮಾಡುತ್ತಿದ್ದರು. ಬಹಾದುರರಿಗೂ ಆ ಗಾಳಿ ಸೋಕಿತ್ತು. ಅವರು ತಮ್ಮ ಪಾಠಕ್ಕೆ ಆರಿಸಿಕೊಂಡ ಮುಖ್ಯ ಪಠ್ಯ ಸತ್ಯಜಿತ್ ರಾಯರ 1955ರ 'ಪಥೇರ್ ಪಾಂಚಾಲಿ'. ಒಂದೇ ಚಿತ್ರವನ್ನು ಷಾಟ್ ಷಾಟಾಗಿ ಬಿಡಿಸಿ, ವರುಷ ವರುಷವೂ, ತಂಡ ತಂಡಕ್ಕೂ ಓದಿಸಿದರು. ನಮ್ಮಲ್ಲಿ ಒಬ್ಬ ವಿದ್ವಾಂಸರು ಜೀವಮಾನವೆಲ್ಲ ಪಂಪಭಾರತವನ್ನು ಪಾಠ ಹೇಳಿದರೆಂದರೆ ಯಾರಿಗೂ ಆಶ್ಚರ್ಯವಾಗದು. ಸಿನಿಮಾಕ್ಕೂ ಅಂಥ ಓದು ಸಲ್ಲುತ್ತದೆಂದು ತೋರಿಸಿಕೊಟ್ಟದ್ದು ಬಹಾದುರರ ಹೆಚ್ಚುಗಾರಿಕೆ.

ಆ ಓದು ಹೇಗಿರುತ್ತದೆಂಬುದಕ್ಕೆ ಎರಡು ಸಂದರ್ಭಗಳನ್ನು ನೆನೆಯುತ್ತೇನೆ. ಮಗಳು ದುರ್ಗಾ ಸತ್ತ ಸುದ್ದಿ ತಿಳಿಯದೆ ತಂದೆ ಹರಿಹರ ಊರಿಂದ ಬರುತ್ತಾನೆ. ತಂದ ಸಾಮಾನುಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಮಗಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಸರ್ವಜಯಾ ಅಳತೊಡಗುತ್ತಾಳೆ. ಆದರೆ ನಮಗೆ ಅವಳ ಅಳು ಕೇಳಿಸುವುದಿಲ್ಲ. ಅದರ ಸ್ಥಾನದಲ್ಲಿ ತಾರಶಹನಾಯಿಯ ದನಿ ಮೇಲೇರುತ್ತದೆ. ಒಂದು ಹೆಂಗಸಿನ ಅಳು ವಾದ್ಯಕ್ಕೆ ಹೊರಳಿದೊಡನೆ ಆ ಮನೆಯ ದುಃಖ ಆ ಮನೆಯದಷ್ಟೇ ಆಗಿ ಉಳಿಯುವುದಿಲ್ಲ. ಇನ್ನೊಂದು ಕಡೆ, ಊರು ಬಿಡುವ ಮುಂಚೆ ಅಪುವಿಗೆ, ಅಕ್ಕ ಕದ್ದಿಲ್ಲವೆಂದು ಹೇಳಿದ್ದ ಮಣಿಸರ ಸಿಗುತ್ತದೆ. ಅವನು ಅದನ್ನು ಕೊಳಕ್ಕೆ ಎಸೆಯುತ್ತಾನೆ. ಪಾಚಿ ತೆರೆದುಕೊಂಡು, ನಿಧಾನವಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಮಾತಿಲ್ಲ. ಕಾದಂಬರಿಗೆ ಚಿತ್ರ ಎಷ್ಟು ನಿಷ್ಠವಾಗಿದೆ ಎಂಬುದೊಂದೇ ಪ್ರಶ್ನೆಯನ್ನು ಕೇಳಿಕೊಂಡು ಬಂದ ನಮ್ಮಂಥ ಸಾಹಿತ್ಯದ ಮಂದಿಗೆ, ಪಾಚಿ ಮುಚ್ಚಿಕೊಳ್ಳಲು ಹಿಡಿದ ಆ ಕೆಲವು ಸೆಕೆಂಡುಗಳೂ ಒಂದು ವಾಕ್ಯವೇ ಎಂದು ತಿಳಿಯಬೇಕಾದರೆ ಯಾರಾದರೂ ರೀಲನ್ನು ನಿಲ್ಲಿಸಿ ತೋರಿಸಬೇಕಾಗಿತ್ತು.

ರಾಯರು ಸ್ವತಃ ಯಾವ ಸಿನಿಮಾ ಶಾಲೆಗೂ ಹೋದವರಲ್ಲ ಎಂದು ಇಲ್ಲಿ ಆಕ್ಷೇಪಿಸಬಹುದು. ನಿಜ. ಆದರೆ ಅವರ ಸ್ವಯಂಶಿಕ್ಷಣ ಯಾವ ಶಾಲೆಗಿಂತಲೂ ಕಠಿಣವಾಗಿತ್ತು. ಶಾಂತಿನಿಕೇತನದ ಗ್ರಂಥಾಲಯದಲ್ಲಿ ಸಿನಿಮಾ ಕುರಿತ ಪುಸ್ತಕಗಳನ್ನು ಓದಿದರು. ಯಾವುದಾದರೂ ಕಥೆ ಚಿತ್ರವಾಗಲಿದೆ ಎಂದು ತಿಳಿದೊಡನೆ ತಾವೇ ಅದಕ್ಕೊಂದು ಚಿತ್ರಕಥೆ ಬರೆದಿಟ್ಟು, ಚಿತ್ರ ಬಂದ ಮೇಲೆ ಎರಡನ್ನೂ ಹೋಲಿಸಿ ನೋಡುತ್ತಿದ್ದರು. 1947ರಲ್ಲಿ ಗೆಳೆಯ ಚಿದಾನಂದ ದಾಸಗುಪ್ತರೊಡನೆ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. 1950ರಲ್ಲಿ ಲಂಡನ್ನಿನಲ್ಲಿ ಡಿ ಸಿಕಾನ 'ಬೈಸಿಕಲ್ ಥೀವ್ಸ್' ಕಂಡರು. ಚಿತ್ರವನ್ನು ನೋಡಿದರೆ ಸಾಲದು, ಆಯ್ದು ನೋಡಬೇಕು, ಮತ್ತೆ ನೋಡಬೇಕು ಎಂಬ ಹಟವೇ ಆ ಸೊಸೈಟಿಗಳ ಬಂಡವಾಳ. ನಮ್ಮಲ್ಲಿ ಬೆಂಗಳೂರಿನ ಸುಚಿತ್ರಾ 1971ರಲ್ಲಿ ಆರಂಭವಾದದ್ದೂ ಇದೇ ಹಟದಿಂದ.

ಮತ್ತೆ ನೋಡಬೇಕಾದರೆ ಚಿತ್ರ ಉಳಿದಿರಬೇಕಷ್ಟೆ. ಇಲ್ಲಿಗೆ ನಾನು ಈ ಚರಿತ್ರೆಯ ನೋವಿನ ಭಾಗಕ್ಕೆ ಬಂದೆ. ಹಳೆಯ ಫಿಲ್ಮು ನೈಟ್ರೇಟಿನದು. ಕಿಡಿ ತಾಗಿದರೆ ಭುಗಿಲೆನ್ನುವಂಥದು, ತಾಗದಿದ್ದರೆ ಡಬ್ಬದೊಳಗೇ ಕೊಳೆಯುವಂಥದು. ಅದರ ಲೇಪದಲ್ಲಿ ಬೆಳ್ಳಿ ಇರುತ್ತದೆ. ಓಡಿ ದಣಿದ ಪ್ರತಿಗಳನ್ನು ತೊಳೆದು ಬೆಳ್ಳಿ ತೆಗೆಯುವವರಿಗೆ ಮಾರುವುದು ವ್ಯಾಪಾರಸ್ಥರಿಗೆ ಸಹಜವಾಗಿ ಕಂಡಿತು. ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು ಸಾವಿರಕ್ಕೂ ಮಿಕ್ಕಿ; ಉಳಿದಿರುವವು ಕೆಲವೇ ಕೆಲವು, ಅವೂ ಬಹುಮಟ್ಟಿಗೆ ಚೂರುಪಾರು. 1931ರ 'ಆಲಂ ಆರಾ', ನಮ್ಮ ಮೊದಲ ವಾಕ್ಚಿತ್ರ, ಇಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಇಲ್ಲ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರ ಮಾತು ಮೊದಲ ಬಾರಿಗೆ ತೆರೆಯಿಂದ ಹೇಗೆ ಕೇಳಿಸಿತೆಂದು ನಾವಿನ್ನು ತಿಳಿಯಲಾರೆವು. ಶಿವರಾಮ ಕಾರಂತರು 1930ರ ಆಸುಪಾಸಿನಲ್ಲಿ 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳನ್ನು ತೆಗೆದಿದ್ದರು. ಕಾರಂತರ ಕಾದಂಬರಿಗಳ ಮೊದಲ ಮುದ್ರಣವನ್ನು ಜೋಪಾನವಾಗಿಟ್ಟುಕೊಂಡ ನಾಡಿಗೆ ಆ ಚಿತ್ರಗಳ ಹೆಸರಷ್ಟೇ ದಕ್ಕಿದೆ. ಕೈಲಾಸಂ ಅಭಿನಯಿಸಿದ 'ವಸಂತಸೇನಾ' ಚಿತ್ರದ ಗತಿಯೂ ಅದೇ.

ಈ ನಾಶಕ್ಕೆ ಎದುರಾಗಿ ನಿಂತ ಒಬ್ಬ ಮನುಷ್ಯನ ಹೆಸರನ್ನು ಹೇಳಲೇಬೇಕು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಯಿತು; ಮರುವರ್ಷ ತಿರುವನಂತಪುರದ ಪಿ. ಕೆ. ನಾಯರ್ ಅಲ್ಲಿಗೆ ಸಹಾಯಕರಾಗಿ ಸೇರಿದರು. 1991ರಲ್ಲಿ ನಿವೃತ್ತರಾಗುವ ವೇಳೆಗೆ ಸುಮಾರು 12,000 ಚಿತ್ರಗಳನ್ನು ಕೂಡಿಹಾಕಿದ್ದರು. ಫಾಲ್ಕೆಯವರ ಮನೆತನದವರನ್ನು ನಾಸಿಕದಲ್ಲಿ ಹುಡುಕಿ ಅವರಲ್ಲಿ ಉಳಿದಿದ್ದ ತುಣುಕುಗಳನ್ನು ಪಡೆದರು. ಇಂದು ನಮಗೆ 'ರಾಜಾ ಹರಿಶ್ಚಂದ್ರ'ದ ಕೆಲವು ರೀಲುಗಳಾದರೂ ಕಾಣಸಿಗುವುದು ಅದರಿಂದ. ಅವು 1913ರ ಮೂಲಚಿತ್ರದವೋ, 1917ರಲ್ಲಿ ಫಾಲ್ಕೆ ಮತ್ತೆ ತೆಗೆದದ್ದರವೋ ಎಂಬ ಪಾಠಾಂತರದ ಜಗಳವೂ ವಿದ್ವಾಂಸರಲ್ಲಿ ನಡೆದಿದೆ. ಜಗಳವಾಡಲು ಪ್ರತಿಯೊಂದಿದೆ ಎಂಬುದೇ ಸಮಾಧಾನ! ನಾಯರರು ಕತ್ತಲಲ್ಲಿ ಚಿಕ್ಕ ಬ್ಯಾಟರಿ ಹಿಡಿದು ಚಿತ್ರ ನೋಡುತ್ತಲೇ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿಯೂ ವಿದ್ಯಾರ್ಥಿಗಳಿಗೆ ಚಿತ್ರ ಹಾಕಿ ತೋರಿಸುತ್ತಿದ್ದರು. 2012ರಲ್ಲಿ ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ಮೇಲೊಂದು ಚಿತ್ರವನ್ನೇ ತೆಗೆದರು. ನಾಯರ್ 2016ರಲ್ಲಿ ತೀರಿಕೊಂಡರು. 2022ರಲ್ಲಿ ಆ ಸಂಗ್ರಹಾಲಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು.

ಬಹಾದುರರ ಪಾಠ, ನಾಯರರ ಡಬ್ಬಗಳು, ಎರಡೂ ಒಟ್ಟಿಗೆ ಪುಣೆಯನ್ನು ಬಿಟ್ಟು ಹೊರಟದ್ದು ಎಲ್ಲಿಗೆಂದರೆ ಸಾಗರ ತಾಲ್ಲೂಕಿನ ಹೆಗ್ಗೋಡಿಗೆ. ಅಡಿಕೆ ತೋಟಗಳ ನಡುವಿನ ಆ ಊರಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ 1970ರ ದಶಕದಲ್ಲಿ ಚಿತ್ರಸಮಾಜವನ್ನು ಕಟ್ಟಿತು. ಕಾರಂತರ ಹೆಸರಿನ ರಂಗಮಂದಿರದಲ್ಲಿ ರಾಯರ ಚಿತ್ರ, ಕುರೊಸಾವನ 'ರಾಶೊಮಾನ್', ಡಿ ಸಿಕಾನ ಸೈಕಲ್ಲಿನ ಕಥೆ ಪ್ರದರ್ಶನಗೊಂಡವು. ಪೇಟೆಯಲ್ಲಿಯೇ ಇಂಥ ಚಿತ್ರಗಳಿಗೆ ಕುರ್ಚಿ ತುಂಬದಿರುವಾಗ ಹಳ್ಳಿಯವರು ಇದನ್ನು ನೋಡಿಯಾರೇ ಎಂದು ಸಂಶಯಪಟ್ಟವರು ಕಡಮೆಯಿಲ್ಲ. ಜನ ನೋಡಿದರು. ಇಟಲಿಯ ಭಾಷೆ ಬಾರದವನಿಗೂ ಸೈಕಲ್ಲು ಕಳೆದುಕೊಂಡ ಕೂಲಿಯವನ ಕಷ್ಟ ತಿಳಿಯುತ್ತದೆ. ಬಂಗಾಳದ ಇಂದಿರ್ ಠಾಕುರಾಣಿಯಂಥ ಮುದುಕಿ ಯಾವ ಊರಿನ ಜಗಲಿಯಲ್ಲಿ ಇಲ್ಲ? ದಶಕಗಳ ಮೇಲೆ ನಾಯರರ ಕುರಿತ ಆ ಚಿತ್ರಕ್ಕಾಗಿ ಕ್ಯಾಮರಾ ಹೆಗ್ಗೋಡಿಗೆ ಬಂದಾಗ, ಊರವರು ತಾವು ನೋಡಿದ ಚಿತ್ರಗಳನ್ನು ಹೆಸರಿಟ್ಟು ನೆನಪಿಸಿಕೊಂಡರು. ರಸಗ್ರಹಣ ಶಿಬಿರಗಳೂ ಅಲ್ಲಿ ನಡೆದು ಬಹಾದುರರು ಬಂದು ಪಾಠ ಹೇಳಿದರು. ಷಾಟಿಗೆ ಚಿತ್ರಿಕೆ ಎಂಬಂಥ ಕನ್ನಡದ ಮಾತುಗಳು ಬಳಕೆಗೆ ಬಂದದ್ದಕ್ಕೂ ಹೆಗ್ಗೋಡಿನ ಬರಹ, ಪ್ರಕಟಣೆಗಳು ನೆರವಾದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ನಾಟಕದೊಡನೆ ಚಲನಚಿತ್ರದ ಈ ಕೆಲಸವನ್ನೂ ಎಣಿಸಿದ್ದರು. ನಮ್ಮ ವಿಶ್ವವಿದ್ಯಾನಿಲಯಗಳ ಪೈಕಿ ಮೊದಲನೆಯದಾಗಿ ಚಲನಚಿತ್ರ ಅಧ್ಯಯನದ ವಿಭಾಗವನ್ನು ತೆರೆದ ಕಲ್ಕತ್ತೆಯ ಜಾದವಪುರ ಅದನ್ನು ಮಾಡಿದ್ದು 1993ರಲ್ಲಿ. ಹಳ್ಳಿ ಮೊದಲು ಹೋಯಿತು, ವಿಶ್ವವಿದ್ಯಾನಿಲಯ ಹಿಂದಿನಿಂದ ಬಂತು.

ಸುಬ್ಬಣ್ಣನವರ ಸೋದರಳಿಯ ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿ, ಅದನ್ನು ಬಿಟ್ಟು ಪುಣೆಗೆ ಹೋಗಿ, 1975ರಲ್ಲಿ ಚಿನ್ನದ ಪದಕದೊಡನೆ ಹೊರಬಂದವರು. ಎರಡು ವರ್ಷಕ್ಕೆ, 1977ರಲ್ಲಿ, ಅನಂತಮೂರ್ತಿಯವರ ಕಥೆಯಿಂದ 'ಘಟಶ್ರಾದ್ಧ' ತೆಗೆದು ಸ್ವರ್ಣಕಮಲ ಪಡೆದರು. ಯಮುನಕ್ಕನ ದುರಂತವನ್ನು ಅರ್ಧ ತಿಳಿದೂ ಅರ್ಧ ತಿಳಿಯದೆಯೂ ನೋಡುವ ನಾಣಿಯ ಕಣ್ಣೇ ಅಲ್ಲಿ ಕ್ಯಾಮರಾ. ಓದಿ ಕಲಿತವನ ಚಿತ್ರವೆಂದು ಎಲ್ಲಿಯೂ ತೋರಗೊಡದೆ ಇರುವುದು ಆ ಚಿತ್ರದ ಓದಿನ ಗುಣ. ಅದರ ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿತ್ತು. ಅದರಿಂದ ಚೌಕಟ್ಟು ಚೌಕಟ್ಟಾಗಿ ಜೀರ್ಣೋದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್ಸಿನ ಉತ್ಸವದಲ್ಲಿ ಪ್ರದರ್ಶನವಾಯಿತು. 'ಸತಿ ಸುಲೋಚನ'ದ ಒಂದು ಅಡಿ ಫಿಲ್ಮೂ ಇನ್ನೂ ಸಿಕ್ಕಿಲ್ಲ.